ಮೂರು ಮಾನಿಟರೋ, ಒಂದೇ ಒಳ್ಳೆಯ ಪರದೆಯೋ?

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇದೆ. ಮಾನಿಟರ್ ಮಾತ್ರ ಹಳೆಯದು: 24 ಇಂಚು, 1080ಪಿ, 60 ಹರ್ಟ್ಸ್. ಗೆಳೆಯರೊಡನೆ ಗುಂಡು ಹಾರಿಸುವ ಆಟ ಕೌಂಟರ್-ಸ್ಟ್ರೈಕ್ 2 ಆಡುತ್ತೇನೆ. ಒಬ್ಬನೇ ಇರುವಾಗ ಯುರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಬಸ್ಸು ಓಡಿಸುತ್ತೇನೆ. ಕೊಪ್ಪಿಕರ್ ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, "ಇಂಥಾವ ಇನ್ನೆರಡು ತಗೊಂಡು ಮೂರೂ ಸಾಲಿಗೆ ಹಚ್ರಿ, ಭಾರಿ ಕಾಣತೈತಿ" ಎಂದರು. ಒಂದೇ ದೊಡ್ಡ 4ಕೆ ಪರದೆ ಕೊಳ್ಳು ಎಂಬುದು ಅಣ್ಣನ ಮಾತು. ನನ್ನ ಬಳಿ ಮೂವತ್ತು ಸಾವಿರ ರೂಪಾಯಿ ಇದೆ. ಮೇಜು ನಾಲ್ಕು ಅಡಿ ಅಗಲವಿದೆ. ಯಾವುದು ಸರಿ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಂಗಡಿಯವರ ಮಾತನ್ನೂ ಅಣ್ಣನ ಮಾತನ್ನೂ ಸದ್ಯಕ್ಕೆ ಬದಿಗಿಡಿ. 27 ಇಂಚಿನ, 1440ಪಿ, ಕನಿಷ್ಠ 144 ಹರ್ಟ್ಸಿನ ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಕೆಡದ ಬಗೆಯ) ಮಾನಿಟರ್ ಒಂದನ್ನು ಕೊಂಡು ಎದುರಿಗೆ ಇಟ್ಟುಕೊಳ್ಳಿ. ಹಳೆಯದನ್ನು ಮಾರಬೇಡಿ, ಅದಕ್ಕೆ ಬರುವ ಬೆಲೆಗಿಂತ ಅದರ ಉಪಯೋಗ ದೊಡ್ಡದು.

ಪರದೆಯ ಪ್ರತಿಯೊಂದು ಚುಕ್ಕೆಗೂ ಬಣ್ಣ ನಿರ್ಧರಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಈಗ ನಿಮ್ಮ 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. ಅಂಥವೇ ಮೂರನ್ನು ಜೋಡಿಸಿ ಆಟವನ್ನು ಹರಡಿದರೆ ಅದು 62.2 ಲಕ್ಷವಾಗುತ್ತದೆ, 4ಕೆಯಲ್ಲಿ 82.9 ಲಕ್ಷ, ಅಂದರೆ ಸರಿಯಾಗಿ ನಾಲ್ಕು ಪಟ್ಟು. 1440ಪಿಯಲ್ಲಾದರೆ 36.9 ಲಕ್ಷ, ಎರಡು ಪಟ್ಟಿಗೂ ಕಡಿಮೆ. ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮ್‌ಗಳ, ಸಂಖ್ಯೆ ಚುಕ್ಕೆಗಳ ಲೆಕ್ಕಕ್ಕೆ ಸರಿಯಾಗಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲವಾದರೂ ಭಾರ ಎತ್ತ ಏರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. 3060 ಮಧ್ಯಮ ವರ್ಗದ ಕಾರ್ಡು. 1440ಪಿಯನ್ನು ಅದು ಸಮಾಧಾನವಾಗಿ ಹೊರುತ್ತದೆ. 4ಕೆ ಕೊಟ್ಟರೆ ಸೆಟ್ಟಿಂಗುಗಳನ್ನು ಇಳಿಸುತ್ತ ಹೋಗಬೇಕಾಗುತ್ತದೆ, ಆಗ ದೊಡ್ಡ ಪರದೆಗೆ ಕೊಟ್ಟ ಹಣದ ಒಂದು ಭಾಗ ಕಣ್ಣಿಗೆ ಕಾಣದೆಯೇ ಉಳಿಯುತ್ತದೆ. ಅಣ್ಣನ ಸಲಹೆ ತಪ್ಪೆಂದಲ್ಲ, ಅದು ಮುಂದಿನ ಕಾರ್ಡಿಗೆ ಸೇರಿದ್ದು.

ಇನ್ನು ಆಟಗಳ ವಿಷಯ. ಕೌಂಟರ್-ಸ್ಟ್ರೈಕ್‌ನಂಥ ಆಟದಲ್ಲಿ ಕಣ್ಣು ಗುರಿಯ ಗುರುತಿನ ಸುತ್ತಲೇ ಇರುತ್ತದೆ. ಅಕ್ಕಪಕ್ಕದ ಪರದೆಗಳಲ್ಲಿ ಏನಿದ್ದರೂ ಅದು ಅಲಂಕಾರ ಮಾತ್ರ. ಅಲ್ಲಿ ನಿಜವಾಗಿ ವ್ಯತ್ಯಾಸ ಮಾಡುವುದು ರಿಫ್ರೆಶ್ ರೇಟ್. 60 ಹರ್ಟ್ಸಿನ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ತೋರಿಸಿದರೆ 144 ಹರ್ಟ್ಸಿನದು 6.9 ಮಿಲಿಸೆಕೆಂಡಿಗೊಮ್ಮೆ ತೋರಿಸುತ್ತದೆ. ಗೋಡೆಯ ಮರೆಯಿಂದ ಎದುರಾಳಿ ಹೊರಬರುವಾಗ ಮೊದಲನೆಯದರಲ್ಲಿ ಅವನು ಜಿಗಿಜಿಗಿದು ಬಂದಂತೆ ಕಂಡರೆ ಎರಡನೆಯದರಲ್ಲಿ ಸರಾಗವಾಗಿ ಸರಿದು ಬರುತ್ತಾನೆ. ಫ್ರೀಸಿಂಕ್ ಅಥವಾ ಜಿ-ಸಿಂಕ್ ಹೊಂದಾಣಿಕೆ (ಕಾರ್ಡಿನ ವೇಗಕ್ಕೆ ಪರದೆ ತಾಳ ಹಾಕುವ ವ್ಯವಸ್ಥೆ) ಇರುವ ಮಾನಿಟರನ್ನೇ ಆರಿಸಿ. ಫ್ರೇಮ್‌ಗಳು ಏರಿಳಿದಾಗಲೂ ಚಿತ್ರ ಅಡ್ಡಲಾಗಿ ಸೀಳಿದಂತೆ ಕಾಣುವುದಿಲ್ಲ.

ಎರಡೇ ಮಾನಿಟರುಗಳನ್ನು ಜೋಡಿಸಿ ಒಂದೇ ಆಟವನ್ನು ಹರಡುವ ಯೋಚನೆ ಬಂದರೆ ಅದನ್ನು ಕೂಡಲೇ ಬಿಟ್ಟುಬಿಡಿ. ಎರಡರ ಅಂಚು ಕೂಡುವ ಜಾಗ ಪರದೆಯ ನಟ್ಟನಡುವೆ ಬರುತ್ತದೆ, ಗುರಿಯ ಗುರುತೂ ಅಲ್ಲಿಯೇ ಇರುತ್ತದೆ. ಆಟಕ್ಕೆ ಒಂದು, ಇಲ್ಲವೇ ಮೂರು. ಎರಡನೆಯದು ಆಟದ ಹೊರಗಿನ ಕೆಲಸಕ್ಕೆ.

ಮೂರು ಪರದೆಗಳಿಗೆ ನ್ಯಾಯವಾದ ಜಾಗವೂ ಇದೆ, ಅದು ನಿಮ್ಮ ಬಸ್ಸಿನ ಆಟವೇ. ಚಾಲಕನ ಆಸನದಲ್ಲಿ ಕುಳಿತವನಿಗೆ ಎಡಬಲದ ಕಿಟಕಿ, ಕನ್ನಡಿ, ವೃತ್ತದಲ್ಲಿ ಪಕ್ಕದಿಂದ ನುಗ್ಗುವ ವಾಹನ ಇವೆಲ್ಲ ತಲೆ ತಿರುಗಿಸಿದರೆ ಕಾಣಬೇಕು. ಅದನ್ನು ಒಂದು ಪರದೆ ಪೂರ್ತಿಯಾಗಿ ಕೊಡಲಾರದು. ಯುರೋ ಟ್ರಕ್, ಅಸೆಟ್ಟೊ ಕೋರ್ಸಾ, ಐರೇಸಿಂಗ್‌ನಂಥ ಆಟಗಳು ಪಕ್ಕದ ಪರದೆಗಳ ಕೋನವನ್ನು ಬೇರೆಯಾಗಿಯೇ ಲೆಕ್ಕ ಹಾಕಿ ಚಿತ್ರಿಸುತ್ತವೆ. ಆ ಸೌಲಭ್ಯವಿಲ್ಲದ ಆಟಗಳು ಮೂರನ್ನೂ ಒಂದೇ ಉದ್ದನೆಯ ಹಲಗೆಯೆಂದು ಭಾವಿಸುವುದರಿಂದ ಅಂಚಿನಲ್ಲಿರುವ ಮನುಷ್ಯ, ಗಾಡಿ, ಕಂಬ ಎಲ್ಲವೂ ರೊಟ್ಟಿ ತಟ್ಟಿದಂತೆ ಅಗಲವಾಗುತ್ತವೆ. ಹೀಗೆ ಮೂರಕ್ಕೆ ಹರಡುವ ವ್ಯವಸ್ಥೆಯನ್ನು ಗ್ರಾಫಿಕ್ಸ್ ಕಾರ್ಡಿನ ಕಂಪನಿ ಎಎಂಡಿ 2009ರಲ್ಲಿಯೇ ಐಫಿನಿಟಿ ಎಂಬ ಹೆಸರಿನಲ್ಲಿ ತಂದಿತು. ಎನ್‌ವಿಡಿಯಾದ ಸರೌಂಡ್ ಅದರ ನಂತರದ್ದು, ನಿಮ್ಮ 3060 ಆ ಕಂಪನಿಯದೇ. ಇಷ್ಟು ವರ್ಷಗಳಾದರೂ ಅದನ್ನು ಸರಿಯಾಗಿ ಬಳಸಿಕೊಳ್ಳುವ ಆಟಗಳು ಹೆಚ್ಚಿನವು ಚಾಲನೆ ಮತ್ತು ವಿಮಾನ ಹಾರಾಟದವೇ ಆಗಿವೆ.

ಆದರೆ ನಿಮ್ಮ ಮೇಜು ಒಪ್ಪಬೇಕಲ್ಲ. 24 ಇಂಚಿನ ಮಾನಿಟರಿನ ಅಗಲ ಅಂಚು ಸೇರಿ ಸುಮಾರು 54 ಸೆಂಟಿಮೀಟರ್. ಮೂರನ್ನು ನೇರವಾಗಿ ಇಟ್ಟರೆ 160 ದಾಟುತ್ತದೆ. ಪಕ್ಕದವುಗಳನ್ನು 45 ಡಿಗ್ರಿ ಒಳಕ್ಕೆ ತಿರುಗಿಸಿದರೂ 130 ಸೆಂಟಿಮೀಟರ್ ಬೇಕು. ನಾಲ್ಕು ಅಡಿಯೆಂದರೆ 122. ಇನ್ನೂ ಹೆಚ್ಚು ತಿರುಗಿಸಿದರೆ ಅಗಲದಲ್ಲಿ ಹಿಡಿಸುತ್ತದೆ, ಆದರೆ ಪರದೆಗಳು ಅರ್ಧ ಮೀಟರಿನಷ್ಟು ಮುಂದಕ್ಕೆ ಚಾಚಿ ಸ್ಟಿಯರಿಂಗಿಗೂ ಕೀಬೋರ್ಡಿಗೂ ಜಾಗ ಉಳಿಯುವುದಿಲ್ಲ. ಸರೌಂಡ್‌ನಲ್ಲಿ ಮೂರರ ರೆಸಲ್ಯೂಶನ್ನೂ (ಚುಕ್ಕೆಗಳ ಲೆಕ್ಕ) ರಿಫ್ರೆಶ್ ರೇಟೂ ಒಂದೇ ಆಗಿರಬೇಕು. ಆದ್ದರಿಂದ ಹೊಸ ಎರಡು 144 ಹರ್ಟ್ಸಿನವೇ ಆದರೂ ನಿಮ್ಮ ಹಳೆಯದು ಮೂರನ್ನೂ 60ಕ್ಕೆ ಎಳೆಯುತ್ತದೆ. ಅಂಗಡಿಯವರು ಈ ಮಾತನ್ನು ಹೇಳಿದಂತಿಲ್ಲ. ಬಸ್ಸು ಓಡಿಸುವಾಗ ಎಫ್2 ಒತ್ತಿ ಪಕ್ಕದ ಕನ್ನಡಿಗಳನ್ನು ಪರದೆಯ ಮೇಲೆಯೇ ತಂದುಕೊಳ್ಳಿ. ಮೂರು ಪರದೆಗಳ ಸುಖವಲ್ಲವಾದರೂ ಹಿಂದಕ್ಕೆ ತೆಗೆಯುವಾಗ ಗೋಡೆಗೆ ತಾಗದಿರಲು ಅದು ಸಾಕು.

ಹಳೆಯ ಮಾನಿಟರನ್ನು ಪಕ್ಕದಲ್ಲಿಟ್ಟು ಗೆಳೆಯರೊಡನೆ ಮಾತಾಡುವ ಡಿಸ್ಕಾರ್ಡ್, ನಕ್ಷೆ, ಬ್ರೌಸರುಗಳಿಗೆ ಬಿಡಿ. ಹೊಸದಕ್ಕೆ ಡಿಸ್‌ಪ್ಲೇಪೋರ್ಟ್ ಕೇಬಲ್ಲನ್ನೇ ಬಳಸಿ, ಅದನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿ. ಬಳಿಕ ವಿಂಡೋಸಿನ ಅಡ್ವಾನ್ಸ್ಡ್ ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ ರಿಫ್ರೆಶ್ ರೇಟನ್ನು ನೀವೇ ಏರಿಸಬೇಕಾಗಬಹುದು. 144 ಹರ್ಟ್ಸಿನದನ್ನು ಕೊಂಡು ತಿಂಗಳುಗಟ್ಟಲೆ 60ರಲ್ಲಿಯೇ ಆಡಿಕೊಂಡಿರುವವರು ಕಡಿಮೆಯಿಲ್ಲ.

ಪ್ರಶ್ನೆ: ಮುದ್ರಣಾಲಯವೊಂದರಲ್ಲಿ ಪುಟ ವಿನ್ಯಾಸ ಮಾಡುತ್ತೇನೆ, ಅದೇ ಕೆಲಸವನ್ನು ಮನೆಯಲ್ಲಿಯೂ ಮಾಡುವುದಿದೆ. ರಾತ್ರಿ ಆಟ ಆಡುತ್ತೇನೆ. ಎರಡಕ್ಕೂ ಒಂದೇ ಓಎಲ್‌ಇಡಿ ಮಾನಿಟರ್ ಕೊಂಡರೆ ಹೇಗೆ?
– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ಆಟಕ್ಕೆ ಮಾತ್ರವಾಗಿದ್ದರೆ ಕೊಳ್ಳಿ ಎನ್ನುತ್ತಿದ್ದೆ. ಅಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಕಪ್ಪು ನಿಜವಾಗಿಯೂ ಕಪ್ಪಾಗಿರುತ್ತದೆ, ವೇಗವಾಗಿ ಚಲಿಸುವ ವಸ್ತುವಿನ ಹಿಂದೆ ಮಸುಕು ಉಳಿಯುವುದು ಬಹಳ ಕಡಿಮೆ. ಆದರೆ ಆ ಚುಕ್ಕೆಗಳು ಬಳಸಿದಷ್ಟೂ ಸವೆಯುತ್ತವೆ. ದಿನವಿಡೀ ಒಂದೇ ಜಾಗದಲ್ಲಿ ನಿಂತಿರುವ ಟೂಲ್‌ಬಾರ್, ಟಾಸ್ಕ್‌ಬಾರ್, ಬಿಳಿ ಪುಟದ ಅಂಚು ಇವುಗಳ ಅಚ್ಚು ವರ್ಷಗಳು ಕಳೆದಂತೆ ಪರದೆಯಲ್ಲಿ ಉಳಿದುಬಿಡುವ ಸಾಧ್ಯತೆ ನಿಮ್ಮಂಥ ಕೆಲಸದಲ್ಲಿಯೇ ಹೆಚ್ಚು. ಇನ್ನೊಂದು ತೊಡಕು ಅಕ್ಷರಗಳದು: ಹಲವು ಓಎಲ್‌ಇಡಿ ಮಾನಿಟರುಗಳಲ್ಲಿ ಕೆಂಪು, ಹಸಿರು, ನೀಲಿ ಉಪಚುಕ್ಕೆಗಳ ಜೋಡಣೆ ಮಾಮೂಲಿ ಮಾನಿಟರಿನಂತೆ ಇರುವುದಿಲ್ಲವಾದ್ದರಿಂದ ಸಣ್ಣ ಅಕ್ಷರಗಳ ಅಂಚಿನಲ್ಲಿ ಬಣ್ಣದ ಗೆರೆ ಕಾಣುತ್ತದೆ. ಒತ್ತಕ್ಷರ ಸರಿಯಾಗಿ ಕುಳಿತಿದೆಯೇ ಎಂದು ದಿನವೂ ದಿಟ್ಟಿಸುವ ಕಣ್ಣಿಗೆ ಅದು ಹಿತವಲ್ಲ. ಇಲ್ಲಿ ಎರಡು ಮಾನಿಟರುಗಳೇ ಸರಿ: ಪುಟಕ್ಕೆ ಬಣ್ಣ ನೆಚ್ಚಬಹುದಾದ ಐಪಿಎಸ್, ಆಟಕ್ಕೆ ಬೇಕಾದರೆ ಮುಂದೊಂದು ದಿನ ಓಎಲ್‌ಇಡಿ. ಸದ್ಯಕ್ಕೆ ಒಂದೇ ಎಂದಾದರೆ ಐಪಿಎಸ್ ಕೊಳ್ಳಿ.

ಪ್ರಶ್ನೆ: ಮನೆಯಲ್ಲಿ 43 ಇಂಚಿನ 4ಕೆ ಟಿ.ವಿ. ಇದೆ. ಅದನ್ನೇ ಮಾನಿಟರ್ ಮಾಡಿಕೊಳ್ಳಬಹುದೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಗೋಡೆಯ ಮೇಲಿದ್ದು, ನೀವು ನಾಲ್ಕೈದು ಅಡಿ ದೂರ ಕುಳಿತು ಕಂಟ್ರೋಲರ್ ಹಿಡಿದು ಆಡುವುದಾದರೆ ಧಾರಾಳವಾಗಿ ಮಾಡಿಕೊಳ್ಳಿ. ಮೇಜಿನ ಮೇಲಿಟ್ಟು ಎರಡಡಿ ಅಂತರದಲ್ಲಿ ಕುಳಿತರೆ ಆ 95 ಸೆಂಟಿಮೀಟರ್ ಅಗಲವನ್ನು ನೋಡಲು ಕತ್ತನ್ನೇ ಆಡಿಸುತ್ತಿರಬೇಕಾಗುತ್ತದೆ. ಟಿ.ವಿ.ಯಲ್ಲಿ ಗೇಮ್ ಮೋಡ್ ಆನ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಚಿತ್ರವನ್ನು ಚೆಂದಗೊಳಿಸಲು ಅದು ತೆಗೆದುಕೊಳ್ಳುವ ಸಮಯದಿಂದಾಗಿ ನೀವು ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಅದು ನಡೆಯುವುದಕ್ಕೂ ನಡುವೆ ಎದ್ದು ಕಾಣುವ ಅಂತರ ಬೀಳುತ್ತದೆ. ಅಕ್ಷರಗಳು ಮಸುಕಾಗಿ ಕಂಡರೆ ಕಂಪ್ಯೂಟರನ್ನು ಸಿಕ್ಕಿಸಿದ ಎಚ್‌ಡಿಎಂಐ ಇನ್‌ಪುಟ್ಟಿನ ಹೆಸರನ್ನು ಪಿಸಿ ಎಂದು ಬದಲಿಸಿ ನೋಡಿ, ಬಹಳಷ್ಟು ಟಿ.ವಿ.ಗಳಲ್ಲಿ ಅಷ್ಟರಿಂದಲೇ ಸರಿಹೋಗುತ್ತದೆ.