ಹಳೇ ಮಾರುತಿ 800ರ ಬ್ರೇಕ್ ಪೈಪ್ ನಟ್ ತುಕ್ಕು ಹಿಡಿದು ಕೂತಿದೆ, ಬಿಚ್ಚುವುದು ಹೇಗೆ?

ನಿಮ್ಮದು 1998ರ ಗಾಡಿ, ಸುರತ್ಕಲ್‌ನಲ್ಲಿ ಉಂಟು. ಹಿಂದಿನ ಎಡ ಚಕ್ರದ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಬ್ರೇಕ್ ಶೂ ತಳ್ಳುವ ಭಾಗ) ಸೋರುತ್ತಿದೆ, ಬದಲಿಸಲು ಹೋದರೆ ಪೈಪಿನ ನಟ್ ಅಲುಗಾಡುತ್ತಿಲ್ಲ, ಸ್ಪ್ಯಾನರ್ ಜಾರಿ ಮೂಲೆಗಳು ಸವೆದಿವೆ, ಗ್ಯಾಸ್ ಟಾರ್ಚ್‌ನಲ್ಲಿ ಬಿಸಿ ಮಾಡಲಾ ಅಂತ ಕೇಳಿದ್ದೀರಿ.

ಬೇಡ ಮಾರಾಯ್ರೇ, ಟಾರ್ಚ್ ಮಾತ್ರ ಬೇಡ. ಪೈಪಿನೊಳಗೆ ಇರುವ ಬ್ರೇಕ್ ಆಯಿಲ್‌ಗೆ ಬೆಂಕಿ ಹತ್ತುತ್ತದೆ. ಹತ್ತಿರದಲ್ಲೇ ರಬ್ಬರ್ ಹೋಸ್, ಪೆಟ್ರೋಲ್ ಟ್ಯಾಂಕೂ ಹಿಂದೆಯೇ. ಬಿಸಿ ಮಾಡಲೇಬೇಕಾದರೆ ಆ ಭಾಗವನ್ನು ಗಾಡಿಯಿಂದ ಬಿಚ್ಚಿ, ಆಯಿಲ್ ಪೂರ್ತಿ ತೆಗೆದು, ವೈಸ್‌ಗೆ ಕಚ್ಚಿಸಿದ ಮೇಲೆ. ನಿಮಗೆ ಅಷ್ಟರ ಅಗತ್ಯವೇ ಬೀಳಲಿಕ್ಕಿಲ್ಲ.

ನಾನಿರುವುದು ಕಾಪುವಿನಲ್ಲಿ, ಕಡಲಿನ ಹತ್ತಿರ. ನಮ್ಮ ಮನೆಯಲ್ಲೂ ತಂದೆಯವರ ಕಾಲದ 800 ಉಂಟು. ಜೂನ್‌ನಿಂದ ನಾಲ್ಕು ತಿಂಗಳು ಕೆಂಪು ಮಣ್ಣು ನಟ್ಟಿನ ಸುತ್ತ ಮೆತ್ತಿಕೊಂಡು ಒದ್ದೆಯಾಗಿಯೇ ಇರುತ್ತದೆ, ಮೇಲಿಂದ ಉಪ್ಪುಗಾಳಿ. ಮೊದಲ ಸಲ ನಾನು ಬಿಚ್ಚಲು ಕೂತಾಗ ನಟ್ ಟಕ್ ಅಂತ ಬಿಟ್ಟಿತು. ಕಾಲು ಸುತ್ತು ತಿರುಗಿಸಿದೆ, ಖುಷಿಯಾಯಿತು. ಬೆಳಕು ಹಿಡಿದು ನೋಡಿದರೆ ಪೈಪು ಹಗ್ಗದ ಹಾಗೆ ಹುರಿಗೊಂಡಿತ್ತು. ನಟ್ ಸಿಲಿಂಡರನ್ನು ಬಿಟ್ಟಿತ್ತು, ಪೈಪನ್ನು ಬಿಟ್ಟಿರಲಿಲ್ಲ. ತುಕ್ಕು ಹಿಡಿಯುವುದು ಥ್ರೆಡ್‌ನಲ್ಲಿ ಮಾತ್ರ ಅಲ್ಲ, ನಟ್ಟಿನ ತೂತಿಗೂ ಪೈಪಿಗೂ ನಡುವೆ ಜಾಸ್ತಿ ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವಾಗ ಪೈಪ್ ಒಳಗೆ ಹೋಗುವ ಆ ಸಂದಿಗೂ ಹೊಡೆಯಬೇಕು ಅಂತ ಆಗ ಗೊತ್ತಾಯಿತು.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ಸಿಲಿಂಡರ್ ಹೇಗೂ ಹೊಸದು ಹಾಕುತ್ತೀರಿ ಅಲ್ವಾ? ಹಾಗಾದರೆ ಸವೆದ ಆ ನಟ್ಟಿನ ಜೊತೆ ಗುದ್ದಾಡುವುದು ಯಾಕೆ? ನಟ್ಟಿನ ಬುಡದಲ್ಲಿ ಪೈಪ್ ಕತ್ತರಿಸಿ. ಸಿಲಿಂಡರ್, ನಟ್, ತುಂಡು ಪೈಪು ಒಟ್ಟಿಗೇ ಹೊರಗೆ ಬರುತ್ತವೆ. ಹುರಿಗೊಂಡ, ತುಕ್ಕು ತಿಂದ ಪೈಪನ್ನು ಉಳಿಸಿ ಮತ್ತೆ ಹಾಕುವುದು ಅಪಾಯ. ಅದು ಒಡೆಯುವುದು ನೀವು ಗಟ್ಟಿಯಾಗಿ ಬ್ರೇಕ್ ಒತ್ತಿದ ಹೊತ್ತಿನಲ್ಲೇ.

ಕತ್ತರಿಸುವ ಮೊದಲು ಪೆಡಲನ್ನು ಒಂದು ಇಂಚಿನಷ್ಟು ಒತ್ತಿ, ಸೀಟಿಗೂ ಅದಕ್ಕೂ ನಡುವೆ ಕೋಲು ಕೊಟ್ಟು ನಿಲ್ಲಿಸಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ತೂತು ಮುಚ್ಚಿಕೊಂಡು ಆಯಿಲ್ ಪೂರ್ತಿ ಸೋರಿಹೋಗುವುದಿಲ್ಲ. ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ತಾಳ್ಮೆ ಬೇಕಾಗುವುದು ಪೈಪಿನ ಇನ್ನೊಂದು ತುದಿಯಲ್ಲಿ, ಹೋಸ್‌ಗೆ ಸೇರುವಲ್ಲಿ. ಅಲ್ಲಿಯ ಥ್ರೆಡ್ ಉಳಿಯಬೇಕು. ವೈರ್ ಬ್ರಷ್‌ನಿಂದ ಮಣ್ಣು, ತುಕ್ಕು ಕೆರೆದು ತೆಗೆಯಿರಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೊಮ್ಮೆ ಹೊಡೆಯಿರಿ. ನಟ್ಟಿನ ಪಟ್ಟಿಗಳ (ಚಪ್ಪಟೆ ಬದಿಗಳ) ಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲ ತಟ್ಟಿ. ಓಪನ್ ಸ್ಪ್ಯಾನರ್ ಹಾಕಲೇಬೇಡಿ, ಅದು ಎರಡೇ ಪಟ್ಟಿ ಹಿಡಿಯುತ್ತದೆ. ಪೈಪ್ ದಾಟಲು ಬಾಯಿ ಬಿಟ್ಟಿರುವ ರಿಂಗಿನಂಥ ಫ್ಲೇರ್ ನಟ್ ಸ್ಪ್ಯಾನರ್ ಬರುತ್ತದೆ, 10 ಮಿ.ಮೀ.ನದ್ದು ತನ್ನಿ. ಅದೂ ಜಾರಿದರೆ ಇಲ್ಲಿಯೂ ಪೈಪ್ ಕತ್ತರಿಸಿ. ಆಗ ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ನಟ್ಟಿನ ಮೇಲೆ ಪೂರ್ತಿ ಕೂರುತ್ತದೆ. ಗ್ರಿಪ್ ಪ್ಲೈಯರ್ ಕೊನೆಗೆ. ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲ ಮಾಡಿ. ಹೋಸ್ ಕಡೆಯನ್ನು ಇನ್ನೊಂದು ಸ್ಪ್ಯಾನರ್‌ನಿಂದ ಗಟ್ಟಿಯಾಗಿ ಹಿಡಿದಿರಿ, ಇಲ್ಲದಿದ್ದರೆ ಅದು ತಿರುಚಿಕೊಳ್ಳುತ್ತದೆ.

ನಮ್ಮಲ್ಲಿ ಎಲ್ಲದಕ್ಕೂ ಡೀಸೆಲ್, ಸೀಮೆಎಣ್ಣೆ ಹಾಕುವ ಅಭ್ಯಾಸ ಉಂಟು. ಹೊರಗಿನಿಂದ ಪರವಾಗಿಲ್ಲ, ಒರೆಸಿ ತೆಗೆಯಿರಿ. ಒಳಗೆ ಒಂದು ಹನಿಯೂ ಹೋಗಬಾರದು, ರಬ್ಬರ್ ಸೀಲ್‌ಗಳು ಊದಿಕೊಳ್ಳುತ್ತವೆ.

ಹೊಸ ಪೈಪ್ ತರುವಾಗ ಹಳೇದನ್ನು ಅಂಗಡಿಗೆ ಹಿಡಿದುಕೊಂಡು ಹೋಗಿ, ಬಾಯಿಯ ಆಕಾರ ಹೋಲಿಸಿ ನೋಡಿ. ಡಬಲ್ ಫ್ಲೇರ್‌ಗೂ (ಒಳಕ್ಕೆ ಮಡಚಿ ಅಗಲಿಸಿದ ಬಾಯಿ) ಬಬಲ್ ಫ್ಲೇರ್‌ಗೂ (ಗುಂಡಗೆ ಉಬ್ಬಿದ ಬಾಯಿ) ಹೊಂದುವುದಿಲ್ಲ. ಎಸಿಗೆ ಹಾಕುವ ಮಾಮೂಲಿ ತಾಮ್ರದ ಪೈಪ್ ಯಾರು ಕೊಟ್ಟರೂ ಬೇಡ. ನಟ್ಟನ್ನು ಬೆರಳಿನಿಂದಲೇ ನಾಲ್ಕೈದು ಸುತ್ತು ಹತ್ತಿಸಿ, ಆಮೇಲೆ ಸ್ಪ್ಯಾನರ್. ಸುಮಾರು 15 ನ್ಯೂಟನ್ ಮೀಟರ್ ಬಿಗಿ ಸಾಕು.

ಪೈಪಿನೊಳಗೆ ಸೇರಿದ ಏರ್ ತೆಗೆದ ಮೇಲೆ ಮನೆಯವರೊಬ್ಬರಿಗೆ ಪೆಡಲ್ ಜೋರಾಗಿ ಒತ್ತಿ ಹಿಡಿಯಲು ಹೇಳಿ, ಎರಡೂ ಜಾಯಿಂಟಿಗೆ ಒಣ ಪೇಪರ್ ಸುತ್ತಿ ನೋಡಿ. ಸ್ವಲ್ಪ ಒದ್ದೆಯಾದರೂ ಗಾಡಿ ರಸ್ತೆಗೆ ಬೇಡ. ಹಾಗೆಯೇ ಬಲ ಚಕ್ರದ ಪೈಪನ್ನೂ ಕೆರೆದು ಉಗುರಿನಿಂದ ಸವರಿ ನೋಡಿ. ಗುಳಿ ಸಿಕ್ಕಿದರೆ ಅದನ್ನೂ ಈಗಲೇ ಬದಲಿಸಿ.