ಅಮ್ಮ ಕಲಬುರಗಿಯ ವೃದ್ಧಾಶ್ರಮಕ್ಕೆ ಸೇರುತ್ತೇನೆ ಅಂತಿದ್ದಾರೆ. ಅಲ್ಲಿ ದಿನ ಹೋಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ತಾಯಿಗೆ 74 ವರ್ಷ, ಶಹಾಬಾದಿನಲ್ಲಿ ಒಬ್ಬರೇ ಇದ್ದಾರೆ. ಬೆಂಗಳೂರಿಗೆ ಬನ್ನಿ ಅಂದರೆ ಬರುವುದಿಲ್ಲ. ಕಲಬುರಗಿಯ ಯಾವುದಾದರೂ ವೃದ್ಧಾಶ್ರಮಕ್ಕೆ ಸೇರುತ್ತೇನೆ ಅಂತ ತಾವೇ ಹಟ ಹಿಡಿದಿದ್ದಾರೆ. ಅಲ್ಲಿ ದಿನವಿಡೀ ಏನು ಮಾಡುತ್ತಾರೆ, ಬೇಜಾರಾಗಲ್ವಾ ಅಂತ ಕೇಳಿದ್ದೀರಿ.

ನಾನು ಅಂಥದ್ದೇ ಒಂದು ಆಶ್ರಮದಲ್ಲಿ ಮೂರು ವರ್ಷದಿಂದ ಇದ್ದೇನೆ. ವಯಸ್ಸು 72. 31 ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಹೆಂಡತಿ ತೀರಿಹೋದಳು. ಮಗ ಪುಣೆಯಲ್ಲಿದ್ದಾನೆ. ಜಗಳ ಏನಿಲ್ಲ. ಅವನ ಮನೆ ಹತ್ತನೇ ಮಹಡಿಯಲ್ಲಿದೆ, ನನಗೆ ಅಲ್ಲಿ ಕಾಲು ನಿಲ್ಲಲಿಲ್ಲ.

ಬೇಜಾರಾಗುತ್ತದೆ. ಮೊದಲ ಒಂದೂವರೆ ತಿಂಗಳು ಜಾಸ್ತಿನೇ ಆಗುತ್ತದೆ. ಆಮೇಲೆ ಅದು ಹೋಗುತ್ತದೋ ಇಲ್ಲವೋ ಅನ್ನುವುದು ಆ ಆಶ್ರಮದಲ್ಲಿ ಸುದ್ದಿ ಹೇಗೆ ಓಡಾಡುತ್ತದೆ ಅನ್ನುವುದರ ಮೇಲಿದೆ. ಟಿವಿ ಸುದ್ದಿ ಬಿಡಿ. ಟಿವಿ ನಮ್ಮಲ್ಲೂ ಇದೆ, ರಿಮೋಟಿಗೆ ಜಗಳವೂ ಇದೆ. ನಾನು ಹೇಳುತ್ತಿರುವುದು ನಮ್ಮ ನಮ್ಮ ಸುದ್ದಿ.

ನಮ್ಮ ಊಟದ ಹಾಲಿನ ಬಾಗಿಲ ಪಕ್ಕ ಒಂದು ಪರಸಿ ಕಲ್ಲು ನಿಲ್ಲಿಸಿದ್ದಾರೆ. ನಿಮ್ಮ ಶಹಾಬಾದಿನದೇ ಕಲ್ಲು. ನೆಲಕ್ಕೆ ಹಾಸಿ ಉಳಿದದ್ದಕ್ಕೆ ಕರಿ ಬಣ್ಣ ಬಳಿದು ಬೋರ್ಡ್ ಮಾಡಿದ್ದು. ಮುಂಜಾನೆ ಚಹಾ ಆದ ಮೇಲೆ ಅದರ ಮೇಲೆ ಸೀಮೆಸುಣ್ಣದಲ್ಲಿ ಸುದ್ದಿ ಬರೆಯುವವನು ನಾನು. ಟಿಕೆಟ್ ಮಷೀನು ಬರುವ ಮುಂಚೆ ವೇಬಿಲ್, ಅಂದರೆ ಟಿಕೆಟ್ ಲೆಕ್ಕದ ಹಾಳೆ, ಕೈಯಲ್ಲೇ ತುಂಬಿದವನು ಅಲ್ವಾ, ಅಕ್ಷರ ಚಿಕ್ಕದು, ಸಾಲು ನೆಟ್ಟಗೆ. ಹಾಗಂತ ಆ ಕೆಲಸ ನನಗೇ ಬಂತು.

ಕಳೆದ ಬೇಸಿಗೆಯ ಒಂದು ದಿನದ ಬೋರ್ಡು ಹೀಗಿತ್ತು:

"ಸೇಡಂ ಅವರ ಎಡಗಣ್ಣಿನ ಪೊರೆ ಆಪರೇಷನ್ ಆಗಿದೆ. ಯಾರೂ ಅವರ ಕೈಯಲ್ಲಿ ಸೂಜಿಗೆ ದಾರ ಪೋಣಿಸಲು ಕೊಡಬಾರದು. ನೀರಿನ ಟ್ಯಾಂಕರ್ ಹತ್ತು ಗಂಟೆಗೆ. ಚಿಂಚೋಳಿ ಅವರ ಮೊಮ್ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ, ಸಂಜೆ ಪೇಡೆ. ಕಾಣೆಯಾದದ್ದು: ಜೇವರ್ಗಿ ಮಾಸ್ತರ ಚಪ್ಪಲಿ, ಬಲಗಾಲಿನದು ಮಾತ್ರ. ನಾಯಿಯ ಮೇಲೆ ಅನುಮಾನ."

ಹೆಸರು ಹಿಡಿದು ನಾನು ಯಾರನ್ನೂ ಕರೆಯುವುದಿಲ್ಲ. ಆಳಂದ, ಸೇಡಂ, ಚಿಂಚೋಳಿ, ಅಫಜಲಪುರ, ಹೀಗೆ ಊರಿನಿಂದಲೇ. ಕಂಡಕ್ಟರ್ ಚಾಳಿ. ಮೊದಮೊದಲು ಸೇಡಂ ಅಜ್ಜಿಗೆ ಸಿಟ್ಟು ಬಂತು. "ನಾ ಏನು ಬಸ್ ಸ್ಟ್ಯಾಂಡ್ ಏನ್ರಿ?" ಅಂದರು. ಈಗ ಅವರೇ ಎಲ್ಲರನ್ನೂ ಊರಿನ ಹೆಸರಿನಿಂದ ಕೂಗುತ್ತಾರೆ.

ಚಿಂಚೋಳಿ ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ದಿನಾ ಬೋರ್ಡಿನ ಮುಂದೆ ಬಂದು ನಿಲ್ಲುತ್ತಾರೆ. "ನಂದೇನಾರ ಬರದೀರೇನು?" ಅಂತ ಕೇಳುತ್ತಾರೆ. ಪೇಡೆಯ ದಿನ ನಾನು ಆ ಸಾಲು ತೋರಿಸಿದೆ. ಬೆರಳಿಟ್ಟು ಮೆಲ್ಲಗೆ ಸವರಿದರು. ಮಧ್ಯಾಹ್ನ ನೋಡಿದರೆ 'ಚಿಂಚೋಳಿ' ಅನ್ನುವ ಜಾಗ ಪೂರ್ತಿ ಅಳಿಸಿಹೋಗಿತ್ತು. ಎಷ್ಟು ಸಲ ಬಂದು ಮುಟ್ಟಿದ್ದರೋ. ಮತ್ತೆ ಬರೆದೆ.

ನಿಮ್ಮ ತಾಯಿಗೆ ಊಟ, ಹಾಸಿಗೆ, ಗುಳಿಗೆ ಎಲ್ಲ ಕಡೆಯೂ ಸಿಗುತ್ತದೆ. ಅವರಿಗೆ ಏನಾದರೂ ಆದರೆ ಅದು ಇನ್ನೊಬ್ಬರಿಗೆ ಹೇಳುವಂಥ ವಿಷಯ ಆಗುತ್ತದಾ ಅನ್ನುವುದನ್ನು ಮಾತ್ರ ನೋಡಿ.

ದಿನಚರಿ ಕೇಳಿದ್ದೀರಿ, ಬೇಗ ಹೇಳಿಬಿಡುತ್ತೇನೆ. ಐದೂವರೆಗೆ ಎಚ್ಚರ, ಆರಕ್ಕೆ ಚಹಾ, ಎಂಟಕ್ಕೆ ನಾಷ್ಟಾ. ಮಧ್ಯಾಹ್ನ ಜೋಳದ ರೊಟ್ಟಿ, ಹಲ್ಲಿಲ್ಲದವರಿಗೆ ಅದನ್ನೇ ಮುರಿದು ತೊಗರಿಬೇಳೆ ಸಾರಿನಲ್ಲಿ ನೆನೆಸಿ ಕೊಡುತ್ತಾರೆ. ಸಂಜೆ ಭಜನೆ, ಬೇಡ ಅನ್ನುವವರಿಗೆ ಕಟ್ಟೆ. ಎಂಟೂವರೆಗೆ ದೀಪ ಆರುತ್ತದೆ. ಆರಿದ ಮೇಲೆ ನಾನು ಒಂದು ಸುತ್ತು ಹೋಗಿ ತಲೆ ಎಣಿಸುತ್ತೇನೆ. ಯಾರೂ ಹೇಳಿಲ್ಲ, ಎಣಿಸದಿದ್ದರೆ ನಿದ್ದೆ ಬರುವುದಿಲ್ಲ.

ಬೇಸಿಗೆ ಮಾತ್ರ ಬೇರೆ ಲೆಕ್ಕ. ಶಹಾಬಾದಿನವರಿಗೆ ನಾನು ಬಿಸಿಲಿನ ಬಗ್ಗೆ ಹೇಳಬೇಕಿಲ್ಲ. ಏಪ್ರಿಲ್, ಮೇನಲ್ಲಿ ಸರ್ಕಾರಿ ಆಫೀಸುಗಳೇ ಇಲ್ಲಿ ಮುಂಜಾನೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ನಮ್ಮದೂ ಹಾಗೇ. ಹನ್ನೊಂದರ ಮೇಲೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಎಲ್ಲರೂ ಹಾಲಿನಲ್ಲಿ ಕೂಲರ್ ಮುಂದೆ. ಬೇಡದ ಮಾತೆಲ್ಲ ಬರುವುದು ಆಗಲೇ. ಎರಡು ತಿಂಗಳಲ್ಲಿ ಎರಡು ಸಲ ಮಾತು ಬಿಟ್ಟು, ಎರಡು ಸಲ ಮತ್ತೆ ಒಂದಾದವರನ್ನು ನೋಡಿದ್ದೇನೆ. ಕಾರಣ ಕೂಲರ್ ಯಾರ ಕಡೆ ತಿರುಗಿದೆ ಅನ್ನುವುದು. ನೀವು ನೋಡಲು ಬರುವುದಾದರೆ ಮೇ ತಿಂಗಳಲ್ಲೇ ಬನ್ನಿ. ಎಷ್ಟು ಕೂಲರ್ ಇವೆ, ಕರೆಂಟ್ ಹೋದರೆ ಏನು ಗತಿ, ಟ್ಯಾಂಕರ್ ಬರುತ್ತದಾ, ಎಲ್ಲ ತಾನಾಗೇ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಬಂದರೆ ಎಲ್ಲ ಆಶ್ರಮವೂ ಚೆನ್ನಾಗೇ ಕಾಣುತ್ತದೆ.

ಹಬ್ಬ ಅಂದರೆ ನಮ್ಮಲ್ಲಿ ಎಳ್ಳಮವಾಸ್ಯೆ. ಮೊದಲೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದವರು, ಈಗ ಕಂಪೌಂಡಿನ ಬೇವಿನ ಮರದ ಬುಡದಲ್ಲೇ ಚರಗ ಚೆಲ್ಲುತ್ತಾರೆ, ಅಂದರೆ ಭೂಮಿತಾಯಿಗೆ ಎಡೆ ಹಾಕುತ್ತಾರೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕಾಳು ಸೊಪ್ಪಿನ ಭಜ್ಜಿ. ಭಜ್ಜಿ ಮಾಡುವ ಮುಂದಾಳ್ತನಕ್ಕೆ ಆಳಂದಕ್ಕೂ ಸೇಡಂಗೂ ಪೈಪೋಟಿ. ಹಸಿ ತೊಗರಿಕಾಳು, ಅವರೆ, ಬದನೆ, ಮೆಂತ್ಯೆ, ಇಷ್ಟಕ್ಕೆ ಇಬ್ಬರದೂ ಒಪ್ಪಿಗೆ. ಹುಣಸೆಹುಳಿ ಎಷ್ಟು ಅನ್ನುವಲ್ಲಿ ಯುದ್ಧ. ಹೋದ ಸಲ ಎರಡು ಪಾತ್ರೆಯಲ್ಲಿ ಬೇರೆ ಬೇರೆ ಮಾಡಿ, ಯಾವುದು ಮೊದಲು ಖಾಲಿಯಾಗುತ್ತದೆ ಅಂತ ನೋಡಿದೆವು. ಆಳಂದದ್ದು ಮೊದಲು ಖಾಲಿಯಾಯಿತು. ಬೋರ್ಡಿನಲ್ಲಿ ಬರೆದೆ. ಸೇಡಂ ಅಜ್ಜಿ ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ. ಅವರ ಪಾತ್ರೆ ದೊಡ್ಡದಿತ್ತು ಅನ್ನುವುದು ಅವರ ವಾದ. ಖರೇ ಅಂದರೆ ದೊಡ್ಡದೇ ಇತ್ತು.

ಇನ್ನೊಂದು ಸುದ್ದಿಯ ಕಾಲ ಪಿಂಚಣಿಯವರ ಲೈಫ್ ಸರ್ಟಿಫಿಕೇಟ್. ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ತೋರಿಸಬೇಕಲ್ಲ. ಜೇವರ್ಗಿ ಮಾಸ್ತರಂಥ ಸರ್ಕಾರಿ ಪಿಂಚಣಿಯವರಿಗೆ ನವೆಂಬರ್. ನನ್ನಂಥ ಪಿಎಫ್ ಪಿಂಚಣಿಯವರು ವರ್ಷದಲ್ಲಿ ಯಾವಾಗ ಕೊಟ್ಟರೂ ನಡೆಯುತ್ತದೆ, ಅಲ್ಲಿಂದ 12 ತಿಂಗಳು. ಮೊದಲು ಬೆರಳಚ್ಚು ಒತ್ತುತ್ತಿದ್ದರು. ಜೀವಮಾನವೆಲ್ಲ ರೊಟ್ಟಿ ಬಡಿದ ಕೈಗೆ ಗೆರೆ ಎಲ್ಲಿರುತ್ತದೆ? ಆಳಂದ ಅಜ್ಜಿಗೆ ಗಂಡನ ಫ್ಯಾಮಿಲಿ ಪಿಂಚಣಿ ಬರುತ್ತದೆ. ಹತ್ತು ಬೆರಳು ಒತ್ತಿದರೂ ಮಷೀನು ಒಪ್ಪಲಿಲ್ಲ. ಈಗ ಮೊಬೈಲಿನಲ್ಲೇ ಮುಖ ತೋರಿಸಿದರೆ ಸಾಕು, ಕಣ್ಣು ಮಿಟುಕಿಸು ಅನ್ನುತ್ತದೆ. ಅಜ್ಜಿ ನಾಚಿಕೊಂಡರು. "ಈ ವಯಸ್ಸಿನಾಗ ಯಾರಿಗಿ ಕಣ್ಣ ಹೊಡಿಲಿ?" ಅಂತ. ಹಾಲಿನಲ್ಲಿದ್ದವರೆಲ್ಲ ನಕ್ಕು ನಕ್ಕು ಸಾಕಾಯಿತು. ಮರುದಿನ ಬೋರ್ಡಿನ ಮೊದಲ ಸಾಲು: "ಆಳಂದ ಅವರು ಬದುಕಿದ್ದಾರೆ ಅಂತ ಸರ್ಕಾರ ಒಪ್ಪಿದೆ."

ಈಗ ಸ್ವಲ್ಪ ಕಷ್ಟದ ವಿಷಯ. ವೃದ್ಧಾಶ್ರಮ ಅಂದ ಮೇಲೆ ಸಾವೂ ಇರುತ್ತದೆ.

ನಾನು ಬಂದ ಎರಡನೇ ವರ್ಷ ಅಫಜಲಪುರದವರು ತೀರಿಕೊಂಡರು. ರಾತ್ರಿ ಎದೆ ನೋವು ಅಂದರು, ಆಸ್ಪತ್ರೆಗೆ ಕರೆದೊಯ್ದರು, ವಾಪಸ್ ಬರಲಿಲ್ಲ. ಮುಂಜಾನೆ ನಾನು ಸೀಮೆಸುಣ್ಣ ಹಿಡಿದಾಗ ಮ್ಯಾನೇಜರ್ ಬಂದು ಬರೆಯಬೇಡಿ ಅಂದರು. ಕೆಟ್ಟವರಲ್ಲ ಅವರು. ಉಳಿದವರು ಹೆದರುತ್ತಾರೆ ಅಂತ ಅವರ ಅಂದಾಜು. ನಾನೂ ಹೂಂ ಅಂದು ಟ್ಯಾಂಕರ್ ಸಮಯ, ಭಜನೆ, ಅಷ್ಟೇ ಬರೆದೆ. ನಾಷ್ಟಾಕ್ಕೆ ಎಲ್ಲರೂ ಬಂದರು. ಕಿಟಕಿ ಪಕ್ಕದ ಕುರ್ಚಿ ಖಾಲಿ. ಯಾರೂ ಏನೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಾಗಿತ್ತು.

ಎರಡು ದಿನ ಒಬ್ಬರೂ ಬೋರ್ಡಿನ ಕಡೆ ಬರಲಿಲ್ಲ. ಚಿಂಚೋಳಿ ಅಜ್ಜಿ ಸಹ. ಮೂರನೇ ದಿನ ಮಾಸ್ತರು ನನ್ನ ಪಕ್ಕ ಕುಳಿತು, "ಅವರದು ಬರೀಲಿಲ್ಲ. ನಾಳೆ ನಂದೂ ಬರಿಯಂಗಿಲ್ಲ ಹಂಗಾದ್ರ" ಅಂದರು. ಮಾತು ಅಷ್ಟೇ. ಎದ್ದು ಹೋದರು.

ನಾನು ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕುಳಿತರು, ಆಮೇಲೆ ಬರೀರಿ ಅಂದರು. ಬೋರ್ಡು ಪೂರ್ತಿ ಒರೆಸಿ ಬರೆದೆ: "ಅಫಜಲಪುರದವರು ತೀರಿಕೊಂಡರು. ನಲ್ಲಿ ಕೆಲಸ ಗೊತ್ತಿದ್ದವರು. ಈ ಆಶ್ರಮದ ಒಂದು ನಲ್ಲಿಯೂ ಈಗ ಸೋರುವುದಿಲ್ಲ." ಅವತ್ತು ಬೇರೆ ಏನನ್ನೂ ಬರೆಯಲಿಲ್ಲ. ಶಹಾಪುರದ ಚಾಚಾ ಓದಲು ಬಾರದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ಒಂದಿಬ್ಬರು ಅತ್ತರು. ಹೆದರಿದವರು ಯಾರೂ ಇಲ್ಲ. ಅಲ್ಲಿಂದ ಅದೇ ಪದ್ಧತಿ: ಯಾರಾದರೂ ಹೋದರೆ ಒಂದು ದಿನ ಬೋರ್ಡು ಅವರದೇ.

ಇಲ್ಲಿಗೆ ಬರುವ ಮುಂಚೆ ನಾನು ಬೇರೆ ಕಡೆ ಐದು ತಿಂಗಳು ಇದ್ದೆ. ಅಲ್ಲಿ ದೊಡ್ಡ ಬೋರ್ಡುಗಳೇ ಇದ್ದವು. ಒಂದರಲ್ಲಿ ನಿಯಮ, ಇನ್ನೊಂದರಲ್ಲಿ ದಾನಿಗಳ ಹೆಸರು ಬಂಗಾರದ ಬಣ್ಣದಲ್ಲಿ. ಇರುವವರ ಹೆಸರು ಎಲ್ಲೂ ಇಲ್ಲ. 40 ಸಾವಿರ ಡೆಪಾಸಿಟ್ ಕೊಟ್ಟಿದ್ದೆ, ಬಿಡುವಾಗ 15 ಸಾವಿರ ಕೈಗೆ ಬಂತು. ರಸೀದಿ ಸರಿಯಾಗಿ ಬರೆಸಿಕೊಂಡಿರಲಿಲ್ಲ. ಒಂದು ರೂಪಾಯಿ ಚಿಲ್ಲರೆಗೂ ಲೆಕ್ಕ ಇಟ್ಟವನು ನಾನು, ನೋಡಿ, ಅಲ್ಲಿ ಮೋಸಹೋದೆ. ಹಾಗಾಗಿ ಡೆಪಾಸಿಟ್ ಎಷ್ಟು, ಬಿಟ್ಟರೆ ಎಷ್ಟು ದಿನದಲ್ಲಿ ವಾಪಸ್, ಎಲ್ಲ ಕಾಗದದ ಮೇಲೆ ಇರಲಿ. ತಾಯಿ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ಓಡಾಡುವವರನ್ನು ಮಾತ್ರ ಇಟ್ಟುಕೊಳ್ಳುವ ಕಡೆ ಬಹಳ. ರಾತ್ರಿ ಯಾರು ಇರುತ್ತಾರೆ, ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಅದನ್ನೂ ಕೇಳಿ.

ಶಹಾಬಾದಿನ ಮನೆ ತಾಯಿಯ ಹೆಸರಿನಲ್ಲಿದ್ದರೆ ಅವಸರದಲ್ಲಿ ಯಾರಿಗೂ ಬರೆದುಕೊಡುವುದು ಬೇಡ. ನಿಮಗೂ ಬೇಡ, ತಪ್ಪು ತಿಳಿಯಬೇಡಿ. ಕೊಡಲೇಬೇಕು ಅಂದರೆ ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲಿ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ಹಾಗೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲು ದಾರಿ ಇದೆ. ಏನೇ ತೊಂದರೆ ಆದರೂ 14567 ಅನ್ನುವ ಹಿರಿಯರ ಸಹಾಯವಾಣಿ ಇದೆ, ತಾಯಿಯ ಮೊಬೈಲಿನಲ್ಲಿ ಹಾಕಿಡಿ.

ದಾನಿಗಳ ಬಗ್ಗೆಯೂ ಒಂದು ಮಾತು. ಹುಟ್ಟುಹಬ್ಬಕ್ಕೆ ಬರುತ್ತಾರೆ, ಪಿತೃಪಕ್ಷದಲ್ಲಂತೂ ದಿನಾ ಹೋಳಿಗೆ. ಶುಗರ್ ಇದ್ದವರಿಗೆ ಅದೇ ಗಂಡಾಂತರದ ಹದಿನೈದು ದಿನ. ಒಂದು ಬಾಳೆಹಣ್ಣು ಕೊಡಲು ಐದು ಜನ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಮಾಸ್ತರು ಫೋಟೊ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿಬಿಡುತ್ತಾರೆ. ಬೇಕಂತಲೇ.

ತಾಯಿ ಕೂಡಿಹಾಕಿದಂತೆ ಇರುತ್ತಾರೆ ಅನ್ನುವ ಚಿಂತೆ ಬೇಡ. 2023ರ ಜೂನಿನಿಂದ ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ನಮ್ಮ ಅಜ್ಜಿಯರು ನಿಲ್ಲುವುದೇ ಇಲ್ಲ. ಆಧಾರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಣಗಾಪುರಕ್ಕೆ ಹೋಗಿ ಬರುತ್ತಾರೆ. ಹೋಳಿ ಆದ ಐದನೇ ದಿನ ಶರಣಬಸವೇಶ್ವರರ ತೇರು, ಅದಕ್ಕೆ ಎಲ್ಲರೂ. ನನಗೆ ಮಾತ್ರ ಟಿಕೆಟ್. ಕಂಡಕ್ಟರ್ ಹುಡುಗ ನನ್ನನ್ನು ನೋಡಿ ನಕ್ಕು ಹರಿದುಕೊಡುತ್ತಾನೆ.

ನೋಡಲು ಬರುವಾಗ ಮುಂಚೆ ಫೋನ್ ಮಾಡಬೇಡಿ. ವಾರದ ನಡುವೆ, ಸಂಜೆ ನಾಲ್ಕಕ್ಕೆ, ಚಹಾ ಹೊತ್ತಿಗೆ ಬನ್ನಿ. ತಾಯಿಯನ್ನೂ ಕರೆತನ್ನಿ. ನೀವು ಆಫೀಸಿನಲ್ಲಿ ಮಾತಾಡುವಾಗ ಅವರು ಕಟ್ಟೆಯ ಮೇಲೋ, ಬಿಸಿಲಿದ್ದರೆ ಹಾಲಿನಲ್ಲೋ ಕುಳಿತಿರಲಿ. ಹತ್ತು ನಿಮಿಷದಲ್ಲಿ ಯಾರಾದರೂ "ಯಾವೂರ್ರಿ ನಿಮ್ದು?" ಅಂತ ಕೇಳಿದರೆ ಒಳ್ಳೆಯದು. ಯಾರೂ ಕೇಳದಿದ್ದರೆ ಬೇರೆ ಕಡೆ ನೋಡಿ.

ಸೇರಿಸಿದರೆ, ಮೊದಲ ತಿಂಗಳು ದಿನಕ್ಕೆ ಹತ್ತು ಸಲ ಫೋನ್ ಮಾಡಬೇಡಿ, ಒಂದೇ ಹೊತ್ತಿಗೆ ಒಂದು ಸಲ ಮಾಡಿ. ಆ ಹೊತ್ತು ತಪ್ಪಿಸಬೇಡಿ. ಜೊತೆಗೆ ಒಂದು ಕನ್ನಡಕ ಹೆಚ್ಚಿಗೆ ಇರಲಿ, ಅವರದೇ ಸ್ಟೀಲ್ ತಂಬಿಗೆ ಇರಲಿ, ಮೇಲೆ ಹೆಸರು ಕೊರೆಸಿ. ಮನೆಯಲ್ಲಿ ಹಳೆ ಸೀರೆಯ ಕೌದಿ ಇದ್ದರೆ ಅದನ್ನೂ ಕಳಿಸಿ. ಇಲ್ಲಿ ಕಂಬಳಿ ಕೊಡುತ್ತಾರೆ. ಆದರೂ ಬಂದ ಮೊದಲ ರಾತ್ರಿ ಎಲ್ಲರೂ ಹೊದ್ದದ್ದು ತಮ್ಮ ಕೌದಿಯನ್ನೇ. ನಾನೂ ಅಷ್ಟೇ.