ಎಣಿಕೆಗೆ ಬಹುಮಾನ, ಗುಣಮಟ್ಟಕ್ಕೆ ಹೊಡೆತ

ಪ್ರಶ್ನೆ: ಲೋಹದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ನಾನು ಮೇಲ್ವಿಚಾರಕ. ಪಾಳಿಯ ಗುರಿಗಿಂತ ಹೆಚ್ಚು ತಯಾರಿಸಿದವರಿಗೆ ಪ್ರೋತ್ಸಾಹಧನ ಕೊಡಲು ಆರಂಭಿಸಿದ ಮೇಲೆ ಉತ್ಪಾದನೆ ಏರಿದೆ, ಆದರೆ ರಿಜೆಕ್ಟ್ ಆಗುವ ಭಾಗಗಳೂ ಹೆಚ್ಚಿವೆ. ಕೆಲಸಗಾರರಲ್ಲಿ ಶ್ರದ್ಧೆಯಿಲ್ಲವೆಂದು ಆಡಳಿತವರ್ಗ ಹೇಳುತ್ತಿದೆ. ಅವರ ಉತ್ಸಾಹಕ್ಕೂ ಉತ್ಪನ್ನದ ಗುಣಮಟ್ಟಕ್ಕೂ ಇರುವ ಸಂಬಂಧವೇನು?

ಉತ್ತರ: ಸಂಬಂಧ ಗಾಢವಾಗಿಯೇ ಇದೆ. ಆದರೆ ನಿಮ್ಮಲ್ಲಿ ಶ್ರದ್ಧೆ ಕುಂದಿದೆ ಎನ್ನುವುದಕ್ಕಿಂತ, ಹಣ ಎಲ್ಲಿ ಸಿಗುತ್ತದೆಯೋ ಅತ್ತ ಹರಿದಿದೆ ಎನ್ನುವುದು ಸರಿ. ಎಣಿಕೆಗೆ ಮಾತ್ರ ಬೆಲೆಯಿರುವಾಗ ಯಂತ್ರ ನಿಲ್ಲಿಸಿ ಸವೆದ ಟೂಲ್ ಬದಲಾಯಿಸುವ, ಗೇಜ್ ಹಿಡಿದು ಅಳತೆಯನ್ನು ಮತ್ತೊಮ್ಮೆ ನೋಡುವ ಪ್ರತಿ ನಿಮಿಷವೂ ಕೆಲಸಗಾರನ ಕೈಯಿಂದ ಹೋಗುವ ಹಣವಾಗುತ್ತದೆ.

ತಪಾಸಣೆ ವಿಭಾಗದವರು ಸಾಮಾನ್ಯವಾಗಿ ಮಾದರಿಗಾಗಿ ಕೆಲವು ಭಾಗಗಳನ್ನಷ್ಟೇ ಪರೀಕ್ಷಿಸುತ್ತಾರೆ. ಯಂತ್ರದ ಮುಂದೆ ನಿಂತವನ ಕೈಯಲ್ಲಿ ಪ್ರತಿಯೊಂದು ಭಾಗವೂ ಹಾದುಹೋಗುತ್ತದೆ. ಲೋಹ ಕೊರೆಯುವ ಸದ್ದು ಬದಲಾದದ್ದು, ಅಂಚಿನಲ್ಲಿ ಬರ್ (ಕೊರೆದಾಗ ಉಳಿಯುವ ಚೂಪಾದ ಲೋಹದ ಎಳೆ) ಹೆಚ್ಚಿದ್ದು ಮೊದಲು ಗೊತ್ತಾಗುವುದು ಅವನಿಗೇ. ಅದನ್ನು ಅವನು ಬಾಯಿಬಿಟ್ಟು ಹೇಳುತ್ತಾನೆಯೇ ಎಂಬುದು, ಹಿಂದಿನ ಸಲ ಹೇಳಿದಾಗ ಏನಾಯಿತು ಎಂಬುದನ್ನು ಅವಲಂಬಿಸಿದೆ. ಬೈಗುಳ ಸಿಕ್ಕಿದ್ದರೆ, ಅಥವಾ ಯಾರೂ ಕಿವಿಗೊಡದೆ ಹೋಗಿದ್ದರೆ, ಈ ಸಲ ಅವನು ಸುಮ್ಮನಿರುತ್ತಾನೆ. ಗುಣಮಟ್ಟ ತಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ತಮ್ಮ 14 ಸೂತ್ರಗಳಲ್ಲಿ ಭಯವನ್ನು ಹೋಗಲಾಡಿಸಬೇಕೆಂದೂ ಸಂಖ್ಯೆಯ ಗುರಿಗಳನ್ನು ಕೈಬಿಡಬೇಕೆಂದೂ ಹೇಳಿದ್ದು ಈ ಕಾರಣಕ್ಕೇ.

ಇದಕ್ಕೆ ಒಂದು ಬಲವಾದ ನಿದರ್ಶನವಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿಗೂ ಕಳಪೆ ಕಾರುಗಳಿಗೂ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆಗೂಡಿ ‘ನುಮ್ಮಿ’ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ತೆರೆದಾಗ, ಕೆಲಸಕ್ಕೆ ತೆಗೆದುಕೊಂಡವರಲ್ಲಿ ಬಹುಪಾಲು ಹಳೆಯ ಕೆಲಸಗಾರರೇ ಇದ್ದರು. ದೋಷ ಕಂಡವರು ಹಗ್ಗ ಎಳೆದು ನೆರವು ಕರೆಯಬಹುದಿತ್ತು, ಬೇಕಾದರೆ ಇಡೀ ಉತ್ಪಾದನಾ ಲೈನನ್ನೇ ನಿಲ್ಲಿಸಬಹುದಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರುಗಳ ಗುಣಮಟ್ಟ ಜನರಲ್ ಮೋಟರ್ಸ್‌ನ ಅತ್ಯುತ್ತಮ ಕಾರ್ಖಾನೆಗಳ ಸಾಲಿಗೆ ಏರಿತು. ತರಬೇತಿ, ತಂಡದ ವ್ಯವಸ್ಥೆ, ಉತ್ಪಾದನಾ ವಿಧಾನ ಎಲ್ಲವೂ ಬದಲಾಗಿದ್ದರಿಂದ ಇದನ್ನು ಉತ್ಸಾಹವೊಂದರ ಫಲವೆನ್ನಲಾಗದು. ಆದರೂ ಹಳೆಯ ಕೆಲಸಗಾರರನ್ನು ಸೋಮಾರಿಗಳೆಂದು ದೂರಿದ್ದವರ ವಾದ ಅಲ್ಲಿ ನಿಲ್ಲಲಿಲ್ಲ.

ಒಂದು ಎಚ್ಚರಿಕೆಯೂ ಅಗತ್ಯ. ಯಂತ್ರದ ತಿರುಗುವ ದಂಡವಾದ ಸ್ಪಿಂಡಲ್ ಅಲುಗಾಡುತ್ತಿದ್ದರೆ, ಕಚ್ಚಾಲೋಹ ಒಂದೇ ಸಮನಾಗಿರದಿದ್ದರೆ, ಎಷ್ಟೇ ಹುರುಪಿದ್ದರೂ ಅಳತೆ ಸರಿಯಾಗಿ ಬಾರದು. ಅಂಥಲ್ಲಿ ಗೋಡೆಯ ಮೇಲೆ ಗುಣಮಟ್ಟದ ಘೋಷಣೆ ಬರೆಸುವುದು ಕೆಲಸಗಾರರಿಗೆ ಅವಮಾನವೆಂದೇ ನನ್ನ ಅಭಿಪ್ರಾಯ.

ಹಾಗೆಂದು ಪ್ರೋತ್ಸಾಹಧನವನ್ನು ಒಮ್ಮೆಗೇ ನಿಲ್ಲಿಸಬೇಡಿ, ಅದು ಶಿಕ್ಷೆಯಂತೆ ಕಾಣುತ್ತದೆ. ಒಪ್ಪಿತವಾದ ಭಾಗಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಇಡೀ ತಂಡಕ್ಕೆ ಹಂಚಿ. ಟೂಲ್ ಬದಲಾವಣೆಗೂ ಅಳತೆ ಪರೀಕ್ಷೆಗೂ ತಗಲುವ ಸಮಯವನ್ನು ಗುರಿಯಿಂದ ಕಳೆಯಿರಿ. ದೋಷವನ್ನು ತಾವಾಗಿ ತಿಳಿಸಿದವರ ಪಾಲು ಆ ಕಾರಣಕ್ಕೆ ಕಡಿತವಾಗದಂತೆ ಬರವಣಿಗೆಯಲ್ಲೇ ಭರವಸೆ ಕೊಡಿಸಿ. ಮೊದಮೊದಲು ದಾಖಲಾಗುವ ದೋಷಗಳ ಸಂಖ್ಯೆ ಏರಬಹುದು. ಅಡಗಿದ್ದವು ಹೊರಬರುತ್ತಿರುವುದರಿಂದ ಹಾಗಾಗುತ್ತದೆಯೆಂದು ಆಡಳಿತವರ್ಗಕ್ಕೆ ಮುಂಚಿತವಾಗಿಯೇ ತಿಳಿಸಿಡಿ.